ಇಲಿಯ ಲಿವರ್‌ನಲ್ಲಿ ಒಂದು ಜೀನ್ ಸುಮ್ಮನಾಗಿಸಬೇಕು: ಎರಡು ಸಲ ಎಡವಿದ್ದೇನೆ, ಎಲ್ಲಿ ತಪ್ಪುತ್ತಿದೆ?

ಸುಮಾ_ಇಲಿಮನೆ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿಯ ಮೂರನೇ ವರ್ಷದಲ್ಲಿದ್ದೇನೆ. ಲಿವರ್‌ನಿಂದ ಕೊಬ್ಬು ಹೊರಗೆ ಸಾಗಲು ಬೇಕಾದ ಒಂದು ಜೀನನ್ನು ಬೆಳೆದ ಇಲಿಯಲ್ಲಿ ಆರ್‌ಎನ್‌ಎಐ (ಚಿಕ್ಕ ಆರ್‌ಎನ್‌ಎ ತುಣುಕಿನಿಂದ ಜೀನನ್ನು ಅಡಗಿಸುವ) ವಿಧಾನದಿಂದ ಸುಮ್ಮನಾಗಿಸಿ, ಆಮೇಲೆ ಏನಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ತಟ್ಟೆಯಲ್ಲಿ ಬೆಳೆಸಿದ ಲಿವರ್ ಕೋಶಗಳಲ್ಲಿ ನನ್ನ ಎಸ್‌ಐಆರ್‌ಎನ್‌ಎ, ಅಂದರೆ ಅದಕ್ಕೆಂದೇ ಮಾಡಿಸಿದ ಚಿಕ್ಕ ಜೋಡಿ ಎಳೆಯ ಆರ್‌ಎನ್‌ಎ, ಆ ಜೀನಿನ ಎಂಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಸಲು ಬೇಕಾದ ಜೀನಿನ ನಕಲು) ನೂರಕ್ಕೆ 80ರಷ್ಟು ಇಳಿಸುತ್ತದೆ. ಮೂರು ಸಲ ಮಾಡಿದೆ, ಮೂರೂ ಸಲ ಅದೇ ಫಲ.

ಇಲಿಯಲ್ಲಿ ಮಾತ್ರ ಕೈಕೊಡುತ್ತಿದೆ. ಮೊದಲ ಸಲ ಸಲೈನಿನಲ್ಲಿ ಕರಗಿಸಿ ಬಾಲದ ರಕ್ತನಾಳಕ್ಕೆ ಕೊಟ್ಟೆ. 48 ಗಂಟೆ ಬಿಟ್ಟು ನೋಡಿದರೆ ಲಿವರ್‌ನಲ್ಲಿ ಏನೂ ಬದಲಾಗಿರಲಿಲ್ಲ. ಎರಡನೇ ಸಲ, ಪ್ರಾಣಿಗಳಿಗೂ ಬಳಸಬಹುದು ಎಂದು ಮಾರುವ ಒಂದು ಲಿಪಿಡ್ ಮಿಶ್ರಣದಲ್ಲಿ ಸೇರಿಸಿ ಕೊಟ್ಟೆ. ಆಗ ನೂರಕ್ಕೆ 40 ಇಳಿಯಿತು. ಹೋಲಿಕೆಗೆಂದು ಕಂಟ್ರೋಲ್ ಆಗಿ ಕೊಟ್ಟಿದ್ದ, ಇಲಿಯಲ್ಲಿ ಇಲ್ಲದ ಜಿಎಫ್‌ಪಿ ಜೀನಿನ ಎಸ್‌ಐಆರ್‌ಎನ್‌ಎ ಏನೂ ಮಾಡಿರಲಿಲ್ಲ. ಗೈಡ್‌ಗೆ ಸಂತೋಷವಾಯಿತು, ನನಗೂ. ಆದರೆ ಲ್ಯಾಬಿನ ಸೀನಿಯರ್ ಒಬ್ಬರು ಇನ್ನೊಂದು ಕಂಟ್ರೋಲ್ ಹಾಕಿ ನೋಡು ಅಂದರು. ನನ್ನ ಎಸ್‌ಐಆರ್‌ಎನ್‌ಎಯ ಅಕ್ಷರಗಳನ್ನೇ ಹಿಂದುಮುಂದು ಕಲಸಿ ಮಾಡಿಸಿದ್ದ ಒಂದು ತುಣುಕು ಇತ್ತು, ಅದನ್ನು ಕೊಟ್ಟೆ. ಅದೂ ನೂರಕ್ಕೆ 30 ಇಳಿಸಿತು! ಅದಕ್ಕೂ ನನ್ನ ಜೀನಿಗೂ ಸಂಬಂಧವೇ ಇಲ್ಲ.

ಪ್ರಾಣಿ ನೀತಿ ಸಮಿತಿ ಒಪ್ಪಿರುವ ಸಂಖ್ಯೆಯಲ್ಲಿ ಇನ್ನು 24 ಇಲಿ ಉಳಿದಿವೆ. ಏನು ನಡೆಯುತ್ತಿದೆ ಎಂದು ತಿಳಿಯದೆ ಅವನ್ನು ಬಳಸಲು ನನಗೆ ಮನಸ್ಸಿಲ್ಲ. ಯಾರಾದರೂ ದಾರಿ ಹೇಳಿ.

ದುಂಡುಹುಳ_ಕಿರಣ್

ಸುಮಾ, ನಾನು ಇಲಿ ಮುಟ್ಟಿದವನಲ್ಲ. ನನ್ನದು ಸಿ. ಎಲಿಗನ್ಸ್, ಒಂದು ಮಿಲಿಮೀಟರ್ ಉದ್ದದ ದುಂಡುಹುಳ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಹುಳದಲ್ಲಿ ಇದು ಎಷ್ಟು ಸಲೀಸು ಎಂದು ತಿಳಿದರೆ ನಿಮ್ಮ ಇಲಿಯಲ್ಲಿ ಏನು ಇಲ್ಲ ಎನ್ನುವುದು ಕಾಣುತ್ತದೆ.

ನಾವು ಹುಳಕ್ಕೆ ಸೂಜಿ ಕೂಡ ಚುಚ್ಚುವುದಿಲ್ಲ. ಎಚ್‌ಟಿ115 ಎಂಬ ಇ. ಕೋಲೈ ತಳಿ ಇದೆ. ಜೋಡಿ ಎಳೆಯ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವ ಅದರಲ್ಲಿ ಇಲ್ಲ. ಬೇಕಾದ ಜೀನಿನ ಜೋಡಿ ಎಳೆ ಅದರೊಳಗೆ ತಯಾರಾಗುವಂತೆ ಮಾಡಿ, ಆ ಬ್ಯಾಕ್ಟೀರಿಯಾವನ್ನೇ ಹುಳಕ್ಕೆ ಊಟವಾಗಿ ಹಾಕುತ್ತೇವೆ. ಯುಎನ್‌ಸಿ-22 ಜೀನಿನದು ತಿನ್ನಿಸಿದರೆ ಹುಳ ನಿಂತಲ್ಲೇ ಅದುರುತ್ತದೆ. ಹೊಸದಾಗಿ ಲ್ಯಾಬಿಗೆ ಬಂದವರಿಗೆ ನಾನು ಮೊದಲು ತೋರಿಸುವುದು ಅದನ್ನೇ. ತಿಂದದ್ದು ಕರುಳಿಗೆ, ಅದುರುವುದು ಮೈಯ ಸ್ನಾಯು. ಅಂದರೆ ಕರುಳಿನಿಂದ ಸಂದೇಶ ಮೈಗೆಲ್ಲ ಹರಡಿತು.

1998ರಲ್ಲಿ ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರ ತಂಡ ಪ್ರಯೋಗ ಮಾಡಿದ್ದು ಇದೇ ಯುಎನ್‌ಸಿ-22 ಮೇಲೆ. ಅದಕ್ಕೂ ಮುಂಚೆ, 1995ರಲ್ಲೇ, ಒಂದು ಗೊಂದಲ ಕಾಡಿತ್ತು: ಎಂಆರ್‌ಎನ್‌ಎಗೆ ಎದುರಾದ ಎಳೆ ಚುಚ್ಚಿದರೂ ಜೀನ್ ಅಡಗುತ್ತದೆ, ಕಂಟ್ರೋಲ್ ಎಂದು ಅದರದೇ ನಕಲಿನ ಎಳೆ ಚುಚ್ಚಿದರೂ ಅಡಗುತ್ತದೆ. ಫೈರ್ ಮತ್ತು ಮೆಲ್ಲೊ ಒಂಟಿ ಎಳೆಗಳನ್ನು ಚೆನ್ನಾಗಿ ಶುದ್ಧ ಮಾಡಿ ಚುಚ್ಚಿದಾಗ ಪರಿಣಾಮ ಬಹುತೇಕ ಕಾಣೆ. ಎರಡನ್ನೂ ಜೋಡಿ ಮಾಡಿ ಚುಚ್ಚಿದಾಗ ಕೋಶಕ್ಕೆ ಕೆಲವೇ ಅಣುಗಳು ಸಾಕಾದವು. ಹಿಂದಿನವರ ಒಂಟಿ ಎಳೆಗಳಲ್ಲಿ ಬೆರೆತಿದ್ದ ಚೂರು ಜೋಡಿ ಎಳೆಯೇ ಕೆಲಸ ಮಾಡುತ್ತಿತ್ತು. 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ಸುಮ್ಮನಿರಬೇಕಾದ ಕಂಟ್ರೋಲ್ ಕೆಲಸ ಮಾಡಿತು ಎಂಬ ತಲೆನೋವಿನಿಂದಲೇ ಈ ಇಡೀ ಕ್ಷೇತ್ರ ಹುಟ್ಟಿದ್ದು. ನಿಮ್ಮ ಸೀನಿಯರ್ ದೊಡ್ಡ ಉಪಕಾರ ಮಾಡಿದ್ದಾರೆ.

ಇನ್ನು ಹುಳದಲ್ಲಿ ಇದ್ದು ಇಲಿಯಲ್ಲಿ ಇಲ್ಲದ್ದು. ಹುಳದ ಕೋಶಗಳ ಪೊರೆಯಲ್ಲಿ ಸಿಡ್-1 ಎಂಬ ಬಾಗಿಲು ಇದೆ, ಜೋಡಿ ಎಳೆ ಅದರ ಮೂಲಕ ನೇರ ಒಳಗೆ ಹೋಗುತ್ತದೆ. ಒಳಗೆ ಹೋದ ಮೇಲೆ ಅದನ್ನು ನೋಡಿ ಇನ್ನಷ್ಟು ಚಿಕ್ಕ ಆರ್‌ಎನ್‌ಎ ತಯಾರಿಸುವ ಕಿಣ್ವವೂ ಹುಳದಲ್ಲಿ ಇದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಚೂರು ಬಿದ್ದರೆ ಸಾಕು. ಹುಳದಲ್ಲೂ ನರಕೋಶಗಳು ಸುಲಭಕ್ಕೆ ಬಗ್ಗುವುದಿಲ್ಲ, ಅಲ್ಲಿ ಆ ಬಾಗಿಲು ಸರಿಯಾಗಿ ತೆರೆದಿರುವುದಿಲ್ಲ. ಸಿಡ್-1 ಅನ್ನು ನರಕೋಶಗಳಲ್ಲಿ ಹೆಚ್ಚು ಮಾಡಿಸಿದರೆ ಅವೂ ಬಗ್ಗುತ್ತವೆ. ಅಂದಮೇಲೆ ಎಲ್ಲ ನಿಂತಿರುವುದು ಬಾಗಿಲಿನ ಮೇಲೆ.

ಇದನ್ನು ಹೇಳದೆ ಇರಲಾರೆ: ಸಿಹಿನೀರಿನ ಚಪ್ಪಟೆ ಹುಳ ಪ್ಲನೇರಿಯಾಗೂ ಹೀಗೇ ಲಿವರ್ ಮುದ್ದೆಯಲ್ಲಿ ಕಲಸಿ ತಿನ್ನಿಸುತ್ತಾರೆ. ಬೀಟಾ-ಕೆಟೆನಿನ್ ಜೀನ್ ಸುಮ್ಮನಾಗಿಸಿ ಬಾಲ ಕತ್ತರಿಸಿದರೆ, ಬಾಲ ಬೆಳೆಯಬೇಕಾದ ಜಾಗದಲ್ಲಿ ತಲೆ ಬೆಳೆಯುತ್ತದೆ. 2008ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಜೀವಂತ ಪ್ರಾಣಿಯಲ್ಲಿ ಒಂದು ಜೀನ್ ಏನು ಮಾಡುತ್ತದೆ ಎಂದು ಕೇಳಲು ಇದಕ್ಕಿಂತ ಚೆಂದದ ದಾರಿ ನಾನು ಕಂಡಿಲ್ಲ.

ಕುಡ್ಲದ_ಪ್ರಭಾಕರ

ಕಿರಣ್ ಚೆನ್ನಾಗಿ ಹೇಳಿದಿರಿ. ನಾನು 14 ವರ್ಷದಿಂದ ಅಮೆರಿಕದಲ್ಲಿ ಇದೇ ಕೆಲಸದಲ್ಲಿದ್ದೇನೆ, ಇಲಿಗಳ ಲಿವರ್ ಜೊತೆಗೇ ಹೆಚ್ಚು ದಿನ ಕಳೆದಿದ್ದೇನೆ. ಸುಮಾ ಅವರೇ, ನಿಮ್ಮ ಎರಡು ಸೋಲುಗಳ ಕಾರಣ ಬೇರೆಬೇರೆ.

ಮೊದಲನೆಯದು ಕಿಡ್ನಿ. ಬರಿಯ ಎಸ್‌ಐಆರ್‌ಎನ್‌ಎಯ ತೂಕ ಸುಮಾರು 13 ಕಿಲೋಡಾಲ್ಟನ್. ಕಿಡ್ನಿಯ ಜರಡಿಗೆ ಅದು ತೀರ ಚಿಕ್ಕದು, ಕೆಲವೇ ನಿಮಿಷದಲ್ಲಿ ಮೂತ್ರಕ್ಕೆ ಹೋಗುತ್ತದೆ. ಜೊತೆಗೆ ರಕ್ತದಲ್ಲಿನ ಕಿಣ್ವಗಳು ಅದನ್ನು ತುಂಡರಿಸುತ್ತವೆ. ಉಳಿದದ್ದಕ್ಕೆ ಮೈಯಲ್ಲೆಲ್ಲ ಋಣಾತ್ಮಕ ವಿದ್ಯುದಾವೇಶ, ಕೋಶದ ಪೊರೆ ಅದನ್ನು ಒಳಗೆ ಬಿಡುವುದಿಲ್ಲ.

ನೀವು ಓದಿರಬಹುದಾದ 2002ರ ಮೆಕ್ಯಾಫ್ರಿ ಅವರ ಪ್ರಯೋಗದಲ್ಲಿ ಬರಿಯ ಆರ್‌ಎನ್‌ಎಯೇ ಇಲಿಯ ಲಿವರ್‌ನಲ್ಲಿ ಕೆಲಸ ಮಾಡಿತಲ್ಲ ಎಂದು ಕೇಳಬಹುದು. ಅದು ಬೇರೆ ರೀತಿಯ ಇಂಜೆಕ್ಷನ್. ಇಲಿಯ ತೂಕದ ಹತ್ತನೇ ಒಂದು ಭಾಗದಷ್ಟು ದ್ರವವನ್ನು, ಅಂದರೆ 20 ಗ್ರಾಂ ಇಲಿಗೆ 2 ಮಿಲಿಲೀಟರ್, ಕೆಲವೇ ಸೆಕೆಂಡಿನಲ್ಲಿ ನೂಕುತ್ತಾರೆ. ಹೃದಯ ಅಷ್ಟನ್ನು ತಾಳಲಾರದೆ ದ್ರವ ಹಿಂದಕ್ಕೆ ಲಿವರ್‌ಗೆ ನುಗ್ಗಿ, ಒತ್ತಡಕ್ಕೆ ಕೋಶಗಳ ಪೊರೆ ಕ್ಷಣಕಾಲ ಬಿರಿಯುತ್ತದೆ. 60 ಕಿಲೋ ಮನುಷ್ಯನಿಗೆ ಹಾಗೆ ಮಾಡಬೇಕಾದರೆ 6 ಲೀಟರ್ ಬೇಕು. ಅದರಿಂದ ತತ್ವ ಸಾಬೀತಾಯಿತು, ಔಷಧಿಯ ದಾರಿ ತೆರೆಯಲಿಲ್ಲ. ಮಾಮೂಲಿ ಇಂಜೆಕ್ಷನ್ನಿನಲ್ಲೂ ಆಗುತ್ತದೆ ಎಂದು 2004ರಲ್ಲಿ ತೋರಿಸಿದ್ದು ಎಸ್‌ಐಆರ್‌ಎನ್‌ಎಗೆ ಕೊಲೆಸ್ಟೆರಾಲ್ ಅಂಟಿಸಿದವರು. 2006ರಲ್ಲಿ ಲಿಪಿಡ್ ಕಣಗಳಲ್ಲಿ ತುಂಬಿ ಕೋತಿಗಳಿಗೆ ಕೊಟ್ಟರು. ಕಿಲೋಗೆ 2.5 ಮಿಲಿಗ್ರಾಂ ಒಂದೇ ಡೋಸಿಗೆ ಕೊಬ್ಬು ಸಾಗಿಸಲು ಬೇಕಾದ ಎಪಿಒಬಿ ಜೀನಿನ ಎಂಆರ್‌ಎನ್‌ಎ ನೂರಕ್ಕೆ 90ಕ್ಕಿಂತ ಹೆಚ್ಚು ಇಳಿಯಿತು, ಪರಿಣಾಮ 11 ದಿನ ನಿಂತಿತು. ಆ ಲೇಖನ ಓದಿದ ದಿನ ನನಗೆ ಇನ್ನೂ ನೆನಪಿದೆ, ನಾನು ಈ ಕ್ಷೇತ್ರಕ್ಕೆ ಬಂದದ್ದೇ ಅದರಿಂದ.

ನಿಮ್ಮ ಎರಡನೇ ಸೋಲು ಹೆಚ್ಚು ಅಪಾಯದ್ದು, ಏಕೆಂದರೆ ಅದು ಗೆಲುವಿನ ಹಾಗೆ ಕಾಣುತ್ತದೆ. ಜೋಡಿ ಎಳೆ ಕಂಡರೆ ನಮ್ಮ ದೇಹ ವೈರಸ್ ಬಂತೆಂದು ಎಚ್ಚರಗೊಳ್ಳುತ್ತದೆ. 30 ಅಕ್ಷರ ಜೋಡಿಗಿಂತ ಉದ್ದದ್ದು ಕೊಟ್ಟರೆ ಕೋಶವೇ ಪ್ರೋಟೀನ್ ತಯಾರಿಕೆ ನಿಲ್ಲಿಸಿಬಿಡುತ್ತದೆ. ಅದಕ್ಕೇ 2001ರಲ್ಲಿ ಟುಶ್ಲ್ ತಂಡ 21 ಅಕ್ಷರದ ತುಣುಕಿಗೆ ಬಂದದ್ದು. ಆದರೆ 21 ಅಕ್ಷರದ್ದನ್ನೂ ಲಿಪಿಡ್‌ನಲ್ಲಿ ಸುತ್ತಿ ಕೊಟ್ಟಾಗ, ರೋಗನಿರೋಧಕ ಕೋಶಗಳ ಒಳಚೀಲಗಳಲ್ಲಿ ಕಾವಲಿರುವ ಟಿಎಲ್‌ಆರ್7, ಟಿಎಲ್‌ಆರ್8 ಎಂಬ ಪ್ರೋಟೀನ್‌ಗಳು ಅದನ್ನು ಗುರುತಿಸಬಹುದು. ಗುರುತಿಸುವುದು ಅಕ್ಷರಗಳ ಕ್ರಮದ ಮೇಲೆ ಹೋಗುತ್ತದೆ, ಯುಜಿಯುಜಿಯು ಎಂಬಂಥ ಸಾಲಿದ್ದರೆ ಹೆಚ್ಚು. ಆಗ ವೈರಸ್ ಎದುರಿಸಲು ದೇಹ ಹೊರಡಿಸುವ ಇಂಟರ್‌ಫೆರಾನ್ ಏರುತ್ತದೆ, ಲಿವರ್ ತನ್ನ ಎಷ್ಟೋ ದಿನನಿತ್ಯದ ಜೀನ್‌ಗಳನ್ನು ತಾನೇ ತಗ್ಗಿಸುತ್ತದೆ. ನಿಮ್ಮದೂ ಅದರಲ್ಲಿ ಒಂದಾಗಿರಬಹುದು.

ಹಾಗಾದರೆ ಜಿಎಫ್‌ಪಿ ಕಂಟ್ರೋಲ್ ಯಾಕೆ ಸುಮ್ಮನಿತ್ತು? ಇಲಿಗಳಲ್ಲಿ ಎಸ್‌ಐಆರ್‌ಎನ್‌ಎಯಿಂದ ಇನ್‌ಫ್ಲುಯೆಂಜಾ ತಗ್ಗಿತು ಎಂಬ ಹಳೆಯ ಫಲಿತಾಂಶಗಳನ್ನು 2008ರಲ್ಲಿ ರಾಬಿನ್ಸ್ ಮತ್ತು ಸಂಗಡಿಗರು ಮತ್ತೆ ಪರೀಕ್ಷಿಸಿದರು. ವೈರಸ್ ತಗ್ಗಿಸಿದ್ದು ಜೀನ್ ಅಡಗಿದ್ದಲ್ಲ, ಕೆರಳಿದ ರೋಗನಿರೋಧಕ ವ್ಯವಸ್ಥೆ. ಎಲ್ಲರೂ ಬಳಸುತ್ತಿದ್ದ ಜಿಎಫ್‌ಪಿ ಎಸ್‌ಐಆರ್‌ಎನ್‌ಎ ಅದನ್ನು ಅಸಾಮಾನ್ಯವಾಗಿ ಕಡಿಮೆ ಕೆರಳಿಸುವಂಥದ್ದಾಗಿತ್ತು, ಹಾಗಾಗಿ ಅದರ ಪಕ್ಕದಲ್ಲಿ ಇಟ್ಟ ಎಲ್ಲವೂ ಪರಿಣಾಮಕಾರಿಯಾಗಿ ಕಂಡವು. ಅದೇ ವರ್ಷ ಕೆಂಟಕಿಯಲ್ಲಿ ಜಯಕೃಷ್ಣ ಅಂಬಾಟಿ ಅವರ ತಂಡ ಇಲಿಯ ಕಣ್ಣಿನಲ್ಲಿ ಇದೇ ಬಗೆಯದನ್ನು ತೋರಿಸಿತು. ಯಾವ ಜೀನಿನದಾದರೂ ಸರಿ, 21 ಅಕ್ಷರ ಅಥವಾ ಅದಕ್ಕಿಂತ ಉದ್ದದ ಎಸ್‌ಐಆರ್‌ಎನ್‌ಎ ಕೊಟ್ಟರೆ ಹೊಸ ರಕ್ತನಾಳಗಳ ಬೆಳವಣಿಗೆ ತಗ್ಗುತ್ತಿತ್ತು, ಟಿಎಲ್‌ಆರ್3 ಮೂಲಕ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಹೊಸ ಇಲಿ ಮುಟ್ಟಬೇಡಿ. ಫ್ರೀಜರಿನಲ್ಲಿ ಹಳೆಯ ಲಿವರ್ ತುಂಡುಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಇಂಟರ್‌ಫೆರಾನ್ ಬಂದರೆ ಏರುವ ಐಎಫ್‌ಐಟಿ1 ಜೀನ್ ಅಳೆಯಿರಿ, ಸಲೈನ್ ಗುಂಪನ್ನೂ ಸೇರಿಸಿ. ಇಂಟರ್‌ಫೆರಾನ್ ಬಂದಿದ್ದರೆ ಅದು ಹೇಳುತ್ತದೆ. ಎರಡನೆಯದು 5 ಪ್ರೈಮ್ ರೇಸ್, ಎಂಆರ್‌ಎನ್‌ಎ ಎಲ್ಲಿ ತುಂಡಾಗಿದೆ ಎಂದು ತೋರಿಸುವ ಪರೀಕ್ಷೆ. ಆರ್‌ಎನ್‌ಎಐಯ ಕತ್ತರಿಯಾದ ಆರ್ಗೊನಾಟ್-2 ಕಿಣ್ವ ಎಂಆರ್‌ಎನ್‌ಎಯನ್ನು ಕತ್ತರಿಸುವುದು ಒಂದೇ ಜಾಗದಲ್ಲಿ, ಎಸ್‌ಐಆರ್‌ಎನ್‌ಎಯಲ್ಲಿ ಗುರಿ ತೋರಿಸುವ ಗೈಡ್ ಎಳೆಯ ಹತ್ತು ಮತ್ತು ಹನ್ನೊಂದನೇ ಅಕ್ಷರಗಳ ಎದುರಿನ ಸಂದಿನಲ್ಲಿ. ಆ ಜಾಗದಲ್ಲೇ ಕತ್ತರಿಸಿದ ತುಂಡು ಸಿಕ್ಕಿತೋ, ಅದು ಆರ್‌ಎನ್‌ಎಐ ಎಂದು ಯಾರ ಮುಂದೆಯೂ ಧೈರ್ಯವಾಗಿ ಹೇಳಬಹುದು.

ಮಹದೇವ_ಹಿಪ್ಪುನೇರಳೆ

ನಮಸ್ಕಾರ ಸಾರ್. ನಾನು ವಿಜ್ಞಾನಿ ಅಲ್ಲ, ಬಿಎಸ್ಸಿ ಮಾಡ್ಕೊಂಡು ಊರಲ್ಲೇ ಇದೀನಿ, ರಾಮನಗರದ ಹತ್ರ. ನಮ್ಮನೇಲಿ ರೇಷ್ಮೆ. ಹೋದ ಮಳೆಗಾಲದಲ್ಲಿ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದು, ಇನ್ನೇನು ಹಣ್ಣಾಗ್ಬೇಕು ಅನ್ನೋವಾಗ ಹಾಲುತೊಂಡೆ ರೋಗ ಬಂತು. ಹುಳ ಊದ್ಕೊಂಡು, ಚರ್ಮ ಒಡೆದು ಹಾಲಿನಂಥ ನೀರು ಸೋರ್ತಿತ್ತು. ಗೂಡು ಕಟ್ಟೋ ಚಂದ್ರಿಕೆಗೆ ಬಿಡೋಕೆ ಅರ್ಧ ಹುಳಾನೂ ಉಳೀಲಿಲ್ಲ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ.

ಅದು ವೈರಸ್ ಅಂತ ಗೊತ್ತು. ಕಿರಣ್ ಸಾರ್ ಹೇಳ್ದಂಗೆ ಆ ವೈರಸ್ ಜೀನಿನ ಜೋಡಿ ಎಳೆ ಮಾಡಿ ಸೊಪ್ಪಿಗೆ ಸಿಂಪಡಿಸಿ ಹುಳಕ್ಕೆ ತಿನ್ನಿಸಿದ್ರೆ ಆಗಲ್ವಾ?

ದುಂಡುಹುಳ_ಕಿರಣ್

ಮಹದೇವ ಅಣ್ಣ, ಬಹಳ ಒಳ್ಳೆಯ ಪ್ರಶ್ನೆ, ಓದಿ ಬೇಜಾರೂ ಆಯಿತು. ಸೊಪ್ಪಿನ ಮೂಲಕ ಕಷ್ಟ. ರೇಷ್ಮೆಹುಳ ಪತಂಗದ ಜಾತಿ. ಅದರ ಕರುಳು ತುಂಬ ಕ್ಷಾರೀಯ, ಜೊತೆಗೆ ಜೋಡಿ ಎಳೆಯನ್ನು ಕತ್ತರಿಸುವ ಕಿಣ್ವಗಳೂ ಅಲ್ಲಿವೆ. ತಿಂದದ್ದು ಕೋಶ ಮುಟ್ಟುವ ಮೊದಲೇ ಚೂರಾಗುತ್ತದೆ. ಪತಂಗ ಜಾತಿಯ ಹುಳಗಳಲ್ಲೆಲ್ಲ ಆರ್‌ಎನ್‌ಎಐ ಮಾಡಲು ಹೋದವರು ಇದನ್ನೇ ಎದುರಿಸಿದ್ದಾರೆ. ಜೀರುಂಡೆಗಳ ಕಥೆಯೇ ಬೇರೆ. ಆಲೂಗಡ್ಡೆ ಎಲೆ ತಿನ್ನುವ ಕೊಲೊರಾಡೊ ಜೀರುಂಡೆಗೆ ಸಿಂಪಡಿಸುವ ಲೆಡ್‌ಪ್ರೋನಾ ಎಂಬ ಜೋಡಿ ಎಳೆ ಆರ್‌ಎನ್‌ಎಗೆ ಅಮೆರಿಕದಲ್ಲಿ 2023ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ಅದೇ ಉಪಾಯ ನಿಮ್ಮ ಹುಳದ ಹೊಟ್ಟೆಯಲ್ಲಿ ನಡೆಯುವುದಿಲ್ಲ.

ಹಾಗೆಂದು ದಾರಿಯೇ ಇಲ್ಲ ಅಂತಲ್ಲ. ಹೈದರಾಬಾದಿನ ಸಿಡಿಎಫ್‌ಡಿ ಸಂಶೋಧನಾ ಸಂಸ್ಥೆಯಲ್ಲಿ ಜೆ. ನಾಗರಾಜು ಅವರ ತಂಡ ಬೇರೆ ರೀತಿ ಯೋಚಿಸಿತು. ಹೊರಗಿನಿಂದ ತಿನ್ನಿಸುವ ಬದಲು, ಹಾಲುತೊಂಡೆ ವೈರಸ್ಸಿಗೆ ಬೇಕೇಬೇಕಾದ ಹಲವು ಜೀನ್‌ಗಳ ಜೋಡಿ ಎಳೆಯನ್ನು ಹುಳವೇ ತನ್ನೊಳಗೆ ತಯಾರಿಸುವಂತೆ ಅದರ ವಂಶವಾಹಿಯಲ್ಲೇ ಸೇರಿಸಿದರು. ವೈರಸ್ ಕೊಟ್ಟಾಗ ಆ ತಳಿಯ ಹುಳಗಳು ಮಾಮೂಲಿ ಹುಳಗಳಿಗಿಂತ ಎಷ್ಟೋ ಹೆಚ್ಚು ಬದುಕಿದವು. 2013ರಲ್ಲಿ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂತು. ಒಂದು ಜೀನ್ ಬದಲು ಹಲವನ್ನು ಹಿಡಿದದ್ದು ಜಾಣತನ, ವೈರಸ್ ಒಂದರಲ್ಲಿ ಬದಲಾಗಿ ತಪ್ಪಿಸಿಕೊಂಡರೂ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಖುಷಿಯಾಗಬಹುದು. ನಮ್ಮ ದುಂಡುಹುಳದ ಸಿಡ್-1 ಬಾಗಿಲನ್ನು ರೇಷ್ಮೆಹುಳದ ಕೋಶಗಳಿಗೆ ಜಪಾನಿನವರು ಹಾಕಿದರು. ಆಮೇಲೆ ಆ ಕೋಶಗಳಿರುವ ದ್ರವಕ್ಕೆ ಜೋಡಿ ಎಳೆ ಸುರಿದರೆ ಸಾಕು, ಜೀನ್ ಅಡಗುತ್ತದೆ.

ಮಹದೇವ_ಹಿಪ್ಪುನೇರಳೆ

ತುಂಬ ಥ್ಯಾಂಕ್ಸ್ ಸಾರ್. ಅಪ್ಪಂಗೆ ಓದಿ ಹೇಳ್ದೆ. ಹುಳದ ಮೈಯೊಳಗೇ ಔಷಧಿ ಇಟ್ಟವ್ರೆ ಅಂದ್ರು. ಸದ್ಯಕ್ಕೆ ನಾವು ಮನೆ ತೊಳೆದು ಬ್ಲೀಚಿಂಗ್ ಪೌಡ್ರು ಸುಣ್ಣ ಹಾಕ್ಕೊಂಡೇ ಮುಂದಿನ ಬೆಳೆ ಮಾಡ್ತೀವಿ.

ನೇರಮಾತು_ವಿನಯ್

ಸುಮಾ ಅವರೇ, ನೇರವಾಗಿ ಕೇಳುತ್ತೇನೆ. ಇಷ್ಟೆಲ್ಲ ಅನುಮಾನ ಇರುವ ವಿಧಾನ ಯಾಕೆ? ಡಿಎನ್‌ಎಯನ್ನೇ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಜೀನನ್ನೇ ತೆಗೆದುಬಿಡಿ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅರ್ಧ ಇಳಿದಿದೆ, ಮುಕ್ಕಾಲು ಇಳಿದಿದೆ ಎಂಬ ಲೆಕ್ಕವೇ ಬೇಡ.

ಸುಮಾ_ಇಲಿಮನೆ

ವಿನಯ್ ಅವರೇ, ಅದನ್ನೂ ಯೋಚಿಸಿದ್ದೆ. ಭ್ರೂಣದಿಂದಲೇ ಜೀನ್ ಇಲ್ಲದಿದ್ದರೆ ಇಲಿ ಬೆಳೆಯುತ್ತಲೇ ಹೇಗೋ ಹೊಂದಿಕೊಳ್ಳುತ್ತದೆ, ಇಲ್ಲ ಹುಟ್ಟುವುದೇ ಇಲ್ಲ. ಎಪಿಒಬಿ ಜೀನ್ ಪೂರ್ತಿ ಇಲ್ಲದ ಇಲಿಯ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಬೆಳೆದ ಪ್ರಾಣಿಯಲ್ಲಿ, ಲಿವರ್‌ನಲ್ಲಿ ಮಾತ್ರ, ಸ್ವಲ್ಪ ಕಾಲ ತಗ್ಗಿಸಿದರೆ ಏನಾಗುತ್ತದೆ ಎನ್ನುವುದೇ ನನ್ನ ಪ್ರಶ್ನೆ. ಮತ್ತೆ ಏರಿದಾಗ ಎಲ್ಲ ಮೊದಲಿನಂತಾಗುತ್ತದೆಯೇ ಎಂದೂ ನೋಡಬೇಕು.

ಕುಡ್ಲದ_ಪ್ರಭಾಕರ

ವಿನಯ್ ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಲಿವರ್‌ನಲ್ಲಿ ಮಾತ್ರ ಜೀನ್ ತೆಗೆದ ಇಲಿ ಇದ್ದರೆ ಅದರ ಫಲಿತಾಂಶ ಪಕ್ಕದಲ್ಲಿಟ್ಟು ನೋಡಬೇಕು. ಆದರೆ ತಗ್ಗಿಸುವುದು ಬೇರೆ, ತೆಗೆಯುವುದು ಬೇರೆ. ಎಸ್‌ಐಆರ್‌ಎನ್‌ಎ ಔಷಧಿ ಜೀನನ್ನು ತಗ್ಗಿಸುತ್ತದೆಯೇ ಹೊರತು ತೆಗೆಯುವುದಿಲ್ಲ, ಆದ್ದರಿಂದ ಸುಮಾ ಕೇಳುತ್ತಿರುವ ಪ್ರಶ್ನೆಯೇ ರೋಗಿಗೆ ಹತ್ತಿರದ್ದು.

ಒಂದು ಎಚ್ಚರಿಕೆ ಮಾತ್ರ. ಹೆಚ್ಚು ಕಾಲ ಇರಲಿ ಎಂದು ವೈರಸ್ ವಾಹಕದಲ್ಲಿ ಹೇರ್‌ಪಿನ್ ಆರ್‌ಎನ್‌ಎ (ತನ್ನ ಮೇಲೆ ತಾನೇ ಮಡಚಿ ಜೋಡಿ ಎಳೆಯಾಗುವಂಥದ್ದು) ಹಾಕುವ ಆಸೆ ಬಂದರೆ 2006ರ ಗ್ರಿಮ್ ಅವರ ಪ್ರಯೋಗ ಓದಿ. 49 ಬಗೆಯದನ್ನು ಇಲಿಗಳಿಗೆ ಕೊಟ್ಟರು. 36ರಲ್ಲಿ ಲಿವರ್‌ಗೆ ಹಾನಿಯಾಯಿತು, 23ರಲ್ಲಿ ಇಲಿಗಳು ಸತ್ತವು. ಕೋಶ ತನ್ನದೇ ಚಿಕ್ಕ ಆರ್‌ಎನ್‌ಎಗಳನ್ನು ಕೋಶಕೇಂದ್ರದಿಂದ ಹೊರಗೆ ಸಾಗಿಸುವ ಎಕ್ಸ್‌ಪೋರ್ಟಿನ್-5 ದಾರಿಯನ್ನೇ ಹೇರ್‌ಪಿನ್‌ಗಳು ತುಂಬಿಕೊಂಡಿದ್ದವು. ಹೆಚ್ಚು ಕೊಟ್ಟಷ್ಟು ಒಳ್ಳೆಯದು ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ವೈದ್ಯೆ_ಅನುರಾಧ

ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುವವಳು, ಈ ಚರ್ಚೆ ಓದುತ್ತಾ ಕೂತುಬಿಟ್ಟೆ. ಸುಮಾ, ಇಲಿಯ ಲಿವರ್ ಹಿಡಿದು ಒದ್ದಾಡಿದ್ದರ ಫಲ ರೋಗಿಗಳನ್ನು ಹೇಗೆ ತಲುಪಿತು ಅಂತ ಹೇಳಬೇಕು ಅನ್ನಿಸಿತು.

ಟ್ರಾನ್ಸ್‌ಥೈರೆಟಿನ್ ಅಮಿಲಾಯ್ಡೋಸಿಸ್ ಎಂಬ ವಂಶಪಾರಂಪರ್ಯ ಕಾಯಿಲೆಯಲ್ಲಿ ಲಿವರ್ ತಯಾರಿಸುವ ಒಂದು ಪ್ರೋಟೀನ್ ಮಡಿಕೆ ಕೆಟ್ಟು ನರಗಳಲ್ಲಿ, ಹೃದಯದಲ್ಲಿ ಕಟ್ಟಿಕೊಳ್ಳುತ್ತದೆ. ಕಾಲು ಜೋಮು ಹಿಡಿಯುವುದರಿಂದ ಶುರುವಾಗಿ ನಡೆಯಲು ಆಗದ ಸ್ಥಿತಿಗೆ ಬರುತ್ತದೆ. ಮೊದಲು ಲಿವರ್ ಕಸಿಯೇ ದೊಡ್ಡ ಚಿಕಿತ್ಸೆಯಾಗಿತ್ತು. 2018ರ ಆಗಸ್ಟ್‌ನಲ್ಲಿ ಪಟಿಸಿರಾನ್‌ಗೆ ಅಮೆರಿಕದಲ್ಲಿ ಅನುಮತಿ ಬಂತು, ಆರ್‌ಎನ್‌ಎಐ ಮೇಲೆ ನಿಂತ ಮೊದಲ ಔಷಧಿ ಅದು. ಹುಳದ ಪ್ರಯೋಗಕ್ಕೂ ಇದಕ್ಕೂ ಸರಿಯಾಗಿ 20 ವರ್ಷ. 225 ರೋಗಿಗಳಲ್ಲಿ 18 ತಿಂಗಳು ನೋಡಿದರು. ರಕ್ತದಲ್ಲಿ ಆ ಪ್ರೋಟೀನ್ ಸುಮಾರು ನೂರಕ್ಕೆ 80 ಇಳಿಯಿತು. ಔಷಧಿಯಿಲ್ಲದ ಗುಂಪಿನ ನರದೋಷ ಹೆಚ್ಚುತ್ತಾ ಹೋದರೆ, ಔಷಧಿ ಪಡೆದವರಲ್ಲಿ ಸರಾಸರಿ ಸುಧಾರಿಸಿತು. ಹೋದ ನರ ಮರಳುವುದಿಲ್ಲ ಎಂದು ಓದಿ ಬೆಳೆದವಳಿಗೆ ಆ ಪದವೇ ದೊಡ್ಡದು.

ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡಬೇಕು, ಅದಕ್ಕೂ ಮೊದಲು ಸ್ಟೀರಾಯ್ಡ್ ಕೊಡಬೇಕು. ಕಾರಣ ಪ್ರಭಾಕರ ಸರ್ ಹೇಳಿದ ಲಿಪಿಡ್ ಕಣಗಳು ಕೆರಳಿಸುವುದೇ. ಆಮೇಲೆ ಬಂದವು ಚರ್ಮದಡಿ ಕೊಡುವಂಥವು. ಗ್ಯಾಲ್‌ನ್ಯಾಕ್ ಎಂಬ ಸಕ್ಕರೆಯನ್ನು ಅಂಟಿಸಿರುತ್ತಾರೆ, ಲಿವರ್ ಕೋಶದ ಮೇಲೆ ಅದನ್ನು ಹಿಡಿಯುವ ಗ್ರಾಹಕ ಹೇರಳವಾಗಿದೆ. ಕೊಲೆಸ್ಟೆರಾಲ್‌ಗೆ ಕೊಡುವ ಇನ್‌ಕ್ಲಿಸಿರಾನ್ ಈ ಬಗೆಯದು. ಮೊದಲ ಡೋಸ್, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷಕ್ಕೆ ಎರಡೇ ಸಲ. ಕೆಟ್ಟ ಕೊಲೆಸ್ಟೆರಾಲ್ ಸುಮಾರು ಅರ್ಧಕ್ಕೆ ಬರುತ್ತದೆ.

ನೋವಿನ ವಿಷಯ ಬೆಲೆ. ಇವು ಬೇಕಾದ ಮನೆಗಳಿಗೆ ತಲುಪುವಂತಾಗಬೇಕು ಎಂಬುದು ನನ್ನ ದೊಡ್ಡ ಆಸೆ.

ಕುಡ್ಲದ_ಪ್ರಭಾಕರ

ಡಾಕ್ಟರ್ ಹೇಳಿದ ಗ್ಯಾಲ್‌ನ್ಯಾಕ್ ಇಲಿಯಲ್ಲೂ ನಡೆಯುತ್ತದೆ, ಗ್ರಾಹಕ ಇಲಿಯ ಲಿವರ್‌ನಲ್ಲೂ ಇದೆ. ಆದರೆ ಮಾಮೂಲಿ ಆರ್‌ಎನ್‌ಎಗೆ ಬರೀ ಸಕ್ಕರೆ ಅಂಟಿಸಿದರೆ ರಕ್ತದಲ್ಲೇ ಹಾಳಾಗುತ್ತದೆ. ಎಳೆಯುದ್ದಕ್ಕೂ 2-ಪ್ರೈಮ್-ಒ-ಮೀಥೈಲ್, ಫ್ಲೋರೊ ಎಂಬ ರಾಸಾಯನಿಕ ಬದಲಾವಣೆಗಳು ಬೇಕು. ಅವು ಕಿಣ್ವದಿಂದ ಕಾಯುತ್ತವೆ, ಮೀಥೈಲ್ ಟಿಎಲ್‌ಆರ್7ರ ಕಣ್ಣನ್ನೂ ತಪ್ಪಿಸುತ್ತದೆ.

ಇಲಿಗಳ ಸಂಖ್ಯೆಯ ಬಗ್ಗೆ ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ನಿಮ್ಮ ಜೀನಿನ ಪ್ರೋಟೀನ್ ರಕ್ತಕ್ಕೆ ಬರುತ್ತದೆಯೇ? ಬಂದರೆ ಪ್ರತಿ ದಿನಕ್ಕೂ ಒಂದೊಂದು ಗುಂಪನ್ನು ಕೊಲ್ಲುವ ಅಗತ್ಯವಿಲ್ಲ. ಅದೇ ಇಲಿಯಿಂದ ಕೆಲವು ದಿನಕ್ಕೊಮ್ಮೆ ಹನಿ ರಕ್ತ ತೆಗೆದು ಅಳೆಯಬಹುದು. ಲಿವರ್‌ಗೆ ಔಷಧಿ ತಲುಪಿತೇ ಎಂದು ನೋಡಲು ಎಲ್ಲರೂ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 7 ಪ್ರೋಟೀನ್ ಹಿಡಿಯುವುದು ಇದಕ್ಕೇ, ರಕ್ತದಲ್ಲಿ ಅದರ ಆಯುಸ್ಸು ಕೆಲವೇ ಗಂಟೆ, ಎಂಆರ್‌ಎನ್‌ಎ ಇಳಿದ ಬೆನ್ನಲ್ಲೇ ಪ್ರೋಟೀನೂ ಇಳಿಯುತ್ತದೆ. ಆಯುಸ್ಸು ಹೆಚ್ಚಿರುವ ಪ್ರೋಟೀನಾದರೆ 48 ಗಂಟೆಗೆ ನೋಡಿ ಸೋತೆ ಎನ್ನಬೇಡಿ, ಕಾಯಿರಿ. ಲಿವರ್ ಕೋಶ ಅಷ್ಟಾಗಿ ವಿಭಜಿಸುವುದಿಲ್ಲ, ಪರಿಣಾಮ ಮೂರು ನಾಲ್ಕು ವಾರ ನಿಲ್ಲಬಹುದು.

ಸುಮಾ_ಇಲಿಮನೆ

ಹತ್ತು ದಿನದ ಮೇಲೆ ಬರುತ್ತಿದ್ದೇನೆ. ಹಳೆಯ ಲಿವರ್ ತುಂಡುಗಳಲ್ಲೇ ಎಲ್ಲ ನೋಡಿದೆ, ಹೊಸ ಇಲಿ ಒಂದನ್ನೂ ಮುಟ್ಟಿಲ್ಲ.

ಐಎಫ್‌ಐಟಿ1 ಸಲೈನ್ ಗುಂಪಿನಲ್ಲಿ ಇರುವಷ್ಟೇ ಜಿಎಫ್‌ಪಿ ಗುಂಪಿನಲ್ಲೂ ಇದೆ. ನನ್ನ ಎಸ್‌ಐಆರ್‌ಎನ್‌ಎ ಗುಂಪಿನಲ್ಲಿ ಸುಮಾರು ಒಂಬತ್ತು ಪಟ್ಟು, ಕಲಸಿದ ಗುಂಪಿನಲ್ಲಿ ಏಳು ಪಟ್ಟು ಏರಿದೆ. ನನ್ನ ಅಕ್ಷರ ಸಾಲನ್ನು ಮತ್ತೆ ಬರೆದು ನೋಡಿದೆ, ಒಂದು ಎಳೆಯಲ್ಲಿ ಯುಜಿಯುಜಿಯು ಇದೆ. ಕಲಸುವಾಗ ಅದು ಒಡೆದಿದ್ದರೂ ಯು ಮತ್ತು ಜಿ ಹೆಚ್ಚಿರುವ ಇನ್ನೊಂದು ಸಾಲು ಹುಟ್ಟಿಕೊಂಡಿದೆ.

5 ಪ್ರೈಮ್ ರೇಸ್‌ನಲ್ಲಿ ಸರಿಯಾದ ಜಾಗದಲ್ಲಿ ಕತ್ತರಿಸಿದ ತುಂಡು ಸಿಕ್ಕಿತು, ಆದರೆ ಬಹಳ ಮಸುಕು. ಅಂದರೆ ಸ್ವಲ್ಪ ನಿಜವಾದ ಆರ್‌ಎನ್‌ಎಐ ನಡೆದಿದೆ, 40ರಲ್ಲಿ ಹೆಚ್ಚಿನದು ಅದರಿಂದಲ್ಲ. ಗೈಡ್ ಮುಂದೆ ಎರಡೂ ಚಿತ್ರ ಇಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳೆಯ ಫಲಿತಾಂಶವನ್ನು ಡ್ರಾಫ್ಟ್‌ನಿಂದ ತೆಗೆ ಎಂದರು. ಬೈಯಲಿಲ್ಲ.

ಅದೇ ಜೀನಿನ ಬೇರೆಬೇರೆ ಜಾಗ ಹಿಡಿಯುವ ಎರಡು ಹೊಸ ಎಸ್‌ಐಆರ್‌ಎನ್‌ಎ ಆರಿಸಿದ್ದೇನೆ. ಎರಡಕ್ಕೂ ಎಳೆಯುದ್ದಕ್ಕೂ ಬದಲಾವಣೆ, ತುದಿಗೆ ಗ್ಯಾಲ್‌ನ್ಯಾಕ್. ಕಂಟ್ರೋಲಿಗೂ ಅದೇ ಬದಲಾವಣೆ, ಅದೇ ಸಕ್ಕರೆ. ಪ್ರೋಟೀನ್ ರಕ್ತಕ್ಕೆ ಬರುತ್ತದೆ, ಆದ್ದರಿಂದ ಮೊದಲು ಆರೇ ಇಲಿಗಳಲ್ಲಿ ವಾರಕ್ಕೊಮ್ಮೆ ಹನಿ ರಕ್ತ ತೆಗೆದು ನಾಲ್ಕು ವಾರ ನೋಡುತ್ತೇನೆ. ವಿಧಾನ ಬದಲಾದದ್ದಕ್ಕೆ ನೀತಿ ಸಮಿತಿಗೆ ತಿದ್ದುಪಡಿ ಅರ್ಜಿ ಕೊಟ್ಟಾಗಿದೆ. ಆರ್ಡರ್ ಮೊನ್ನೆ ಹೋಯಿತು, ಬರಲು ಆರು ವಾರ ಎಂದಿದ್ದಾರೆ. ಉಳಿದ 18 ಇಲಿಗಳ ವಿಷಯ ಆ ಆರರ ರಕ್ತ ನೋಡಿದ ಮೇಲೆ.